ಅಂಟಿನ ನಂಟು

ತಿದ್ದುವುದು ಉಪಾಧ್ಯಾಯರ ಕುಲಕಸುಬು. ಕೆಂಪು ಮಸಿಯ ಲೇಖನಿಯನ್ನು ಹಿಡಿದು ವರ್ಷಗಳು ಉರುಳಿದ ಮೇಲೆ, ಕಲೆಯೊಂದನ್ನು ಕಂಡೂ ಕಾಣದಂತಿರುವುದು ನಮ್ಮಿಂದಾಗದ ಮಾತು. ಈ ಗುಣವು ನಮಗೆ ಹಲವು ಸಲ ಮೆಚ್ಚುಗೆಯನ್ನು ತಂದುಕೊಟ್ಟಿರುವುದುಂಟು. ಆದರೆ ಕಳೆದ ಅಡಕೆ ಕೊಯ್ಲಿನ ಕಾಲದಲ್ಲಿ ಮಾತ್ರ ಒಂದು ನಷ್ಟವನ್ನು ತಂದಿತು. ವಾಚಕಮಿತ್ರರಲ್ಲಿ ಬಹುಮಂದಿ ಶಾಲೆಯೊಡನೆ ತೋಟವನ್ನೂ ನೋಡಿಕೊಳ್ಳುವವರಾದುದರಿಂದ ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ.

ನಮ್ಮ ಕಾಸರಗೋಡು ಸೀಮೆಯಲ್ಲಿ ಮರ ಹತ್ತುವವರು ವಿರಳವಾಗುತ್ತ ಬಂದಂತೆ ಕಾರ್ಬನ್ ಫೈಬರಿನ ದೋಟಿ ತೋಟಕ್ಕೆ ಇಳಿದಿರುವುದಷ್ಟೆ. ಬಿದಿರಿನ ದೋಟಿಯನ್ನು ಕಂಡು ಬೆಳೆದ ನಮಗೆ ಇದು ಮೊದಮೊದಲು ಇಂದ್ರಜಾಲದಂತೆ ತೋರಿತು. ಒಂದರೊಳಗೊಂದು ಅಡಗಿರುವ ಕೊಳವೆಗಳನ್ನು ಎಳೆಯುತ್ತ ಹೋದರೆ ಅದು ಮುಗಿಲಿಗೆ ಬೆಳೆಯುತ್ತದೆ. ನೆಲದಲ್ಲಿ ನಿಂತೇ ಗೊನೆಯನ್ನು ಕೊಯ್ಯಬಹುದು. ಮಳೆಗಾಲಕ್ಕೆ ಮುನ್ನ ಬೋರ್ಡೋ ದ್ರಾವಣವನ್ನೂ ಸಿಂಪಡಿಸಬಹುದು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಇಂಥ ದೋಟಿಯೇ ಜೀವನಾಧಾರ. ಒಂದು ಸಂಜೆ ಅದನ್ನು ಹೆಗಲಿಗೇರಿಸಿಕೊಂಡು ಅವನು ನಮ್ಮ ಅಂಗಳಕ್ಕೆ ಬಂದ. ಸಡಿಲಗೊಂಡಿದ್ದ ಎರಡು ಬಿಗಿಪಟ್ಟಿಗಳನ್ನು ಅವನು ಎರಡು ಟ್ಯೂಬುಗಳಲ್ಲಿ ಬರುವ ಎಪಾಕ್ಸಿ ಅಂಟಿನಿಂದ ಕೂರಿಸಿದ್ದನಂತೆ. ಅಂಟು ರಾತ್ರಿಯಲ್ಲಿ ಇಳಿದು, ಎರಡು ಕೊಳವೆಗಳ ಮೈಮೇಲೆ ಒಂದೊಂದು ಗಂಟಾಗಿ ಗಟ್ಟಿಗಟ್ಟಿತ್ತು. ಕೊಳವೆಗಳು ಒಳಗೆ ಸರಿಯವು.

"ಇದನ್ನು ತೆಗೀಲಿಕ್ಕೆ ಆಗ್ತದಾ ಮಾಸ್ಟ್ರೇ? ನಾಳೆ ಕೊಯ್ಲುಂಟು" ಎಂದ.

ಹಳೆಯ ಶಿಷ್ಯ ಬಂದು ಕೇಳಿದನೆಂದರೆ ನಮಗೆ ಅಷ್ಟೇ ಸಾಕು. ಯೋಚಿಸುವ ಗೊಡವೆಗೆ ಹೋಗದೆ ಒಳಗಿನಿಂದ ಚೂರಿ ತಂದೆವು. ಮೊದಲನೆಯ ಗಂಟು ಟಪ್ಪೆಂದು ಹಾರಿತು. ಅದಿದ್ದಲ್ಲಿ ತೆಳ್ಳನೆಯ ಕಲೆಯೊಂದು ಉಳಿದಿತ್ತು. ಕೊಳವೆ ಸರಿಯುವುದಕ್ಕೆ ಅದರಿಂದ ಏನೂ ಅಡ್ಡಿಯಿರಲಿಲ್ಲ. ಆದರೂ ಬಿಡಲಾರದೆ ಇನ್ನೊಮ್ಮೆ ಹೆರೆದೆವು, ಮತ್ತೊಮ್ಮೆ ಹೆರೆದೆವು. ಚೂರಿಯ ಬಾಯಿಗೆ ಕಪ್ಪು ಎಳೆಗಳು ಸಿಕ್ಕಿಕೊಂಡವು. ಬೆರಳಿಗೆ ಕಣ್ಣಿಗೆ ಕಾಣದ ಮುಳ್ಳು ಚುಚ್ಚಿತು. ನಾವು ಕೊಯ್ದದ್ದು ಅಂಟನ್ನಲ್ಲ, ದೋಟಿಯನ್ನೇ!

ಹೀಗೇಕಾಯಿತೆಂದು ಆ ರಾತ್ರಿ ಪುಸ್ತಕಗಳನ್ನು ತಿರುವಿ ಹಾಕಿದೆವು. ಈ ಕೊಳವೆಯು ಲೋಹದಂತೆ ಏಕವಸ್ತುವಲ್ಲ. 5ರಿಂದ 7 ಮೈಕ್ರಾನ್ ದಪ್ಪದ, ಎಂದರೆ ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟು ಸಪುರವಾದ, ಇಂಗಾಲದ ಎಳೆಗಳನ್ನು ಒತ್ತಾಗಿ ಜೋಡಿಸಿ, ರಾಳದಲ್ಲಿ ತೋಯಿಸಿ, ಕಾಯಿಸಿ ಗಟ್ಟಿಮಾಡಿದುದು. ಭಾರವನ್ನು ಹೊರುವುದು ಎಳೆ. ಎಳೆಗಳನ್ನು ಅಗಲದಂತೆ ಹಿಡಿದಿರುವುದು ರಾಳ. ಆ ರಾಳವೂ ಸಾಮಾನ್ಯವಾಗಿ ಎಪಾಕ್ಸಿಯೇ! ಮೈಮೇಲೆ ಬಿದ್ದ ಅಂಟಿಗೂ ಮೈಯೊಳಗಿನ ರಾಳಕ್ಕೂ ದಾಯಾದಿ ಸಂಬಂಧ. ಒಂದನ್ನು ಕರಗಿಸಬಲ್ಲ ಮದ್ದು ಇನ್ನೊಂದನ್ನು ಬಿಟ್ಟೀತೆ?

ಮದ್ದಿನ ಯೋಚನೆಯೂ ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಪ್ರಯೋಗಶಾಲೆಯ ಎಸಿಟೋನು ಹಸಿ ಅಂಟನ್ನು ಒರಸಬಲ್ಲುದು. ಒಮ್ಮೆ ಗಟ್ಟಿಗೊಂಡ ಅಂಟಿನ ಅಣುಗಳು ಬಲೆಯಂತೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅದು ಕರಗದು. ಬಣ್ಣ ಕೀಳುವ ಮಿಥಿಲೀನ್ ಕ್ಲೋರೈಡು ಈ ಬಲೆಯನ್ನು ಉಬ್ಬಿಸಿ ಸಡಿಲಿಸೀತು. ಆದರೆ ಒಳಗಿನ ರಾಳವನ್ನೂ ಸಡಿಲಿಸೀತು. ಅದರ ಆವಿಯನ್ನು ಕುಡಿದು ಮುಚ್ಚಿದ ಕೋಣೆಗಳಲ್ಲಿ ಕೆಲಸಗಾರರು ಸತ್ತದ್ದುಂಟು. ಅಮೆರಿಕಾ ದೇಶದಲ್ಲಿ ಅದರ ಬಹುತೇಕ ಬಳಕೆಗಳನ್ನು 2024ರಲ್ಲಿ ನಿಷೇಧಿಸಿದರು. ಇನ್ನು ಬೆಂಕಿ ಹಿಡಿಯುವುದಂತೂ ಸಲ್ಲದು. 500 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿ ಗಾಳಿಯಾಡದ ಕುಲುಮೆಯಲ್ಲಿಟ್ಟು ರಾಳವನ್ನೆಲ್ಲ ಕಳೆದು ಎಳೆಗಳನ್ನು ಮರಳಿ ಪಡೆಯುವ ಕಾರ್ಖಾನೆಗಳಿವೆ. ಆದರೆ ಅಲ್ಲಿಂದ ಹೊರಬರುವುದು ಬರಿಯ ನೂಲು, ದೋಟಿಯಲ್ಲ.

ಹಾಗಾದರೆ ಉಪಾಯವೇನು? ದಾಯಾದಿಗಳಲ್ಲಿಯೂ ಒಂದು ಭೇದವಿದೆ. ಮನೆಯಲ್ಲಿ ತಣ್ಣಗೆ ಗಟ್ಟಿಗೊಂಡ ಅಂಟು ಬಹುಮಟ್ಟಿಗೆ 50–60 ಡಿಗ್ರಿಯಲ್ಲಿ ಗಾಜಿನ ಬಿರುಸನ್ನು ಬಿಟ್ಟು ಮೆದುವಾಗತೊಡಗುತ್ತದೆ. ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿಮಾಡಿದ ರಾಳಕ್ಕೆ ಸಾಮಾನ್ಯವಾಗಿ 100 ಡಿಗ್ರಿಗಿಂತ ಹೆಚ್ಚು ಬೇಕು. ಈ ಅಂತರವೇ ನಮಗೆ ದಾರಿ. ಮರುದಿನ ಎರಡನೆಯ ಕೊಳವೆಯನ್ನು ಬಿಡಿಸಿ ಅಂಗಳದ ಬೆಂಚಿನ ಮೇಲಿಟ್ಟೆವು. ಉಷ್ಣಮಾಪಕದಿಂದ ನೋಡಿ 70 ಡಿಗ್ರಿಗೆ ಮೀರದ ನೀರಿನಲ್ಲಿ ಬೈರಾಸನ್ನು ಅದ್ದಿ, ಇಕ್ಕುಳದಿಂದೆತ್ತಿ ಗಂಟಿನ ಮೇಲೆ ಸುತ್ತಿದೆವು, ಆರಿದಂತೆಲ್ಲ ಬದಲಾಯಿಸಿದೆವು. ನಾಲ್ಕಾರು ಸಲವಾದ ಮೇಲೆ ಬಿದಿರಿನ ಚಕ್ಕೆಯಿಂದ ಅಂಚನ್ನು ಮೆಲ್ಲನೆ ಎಬ್ಬಿಸಲು, ಗಂಟು ಹಲಸಿನ ಮೇಣದಂತೆ ಬಾಗಿ ಸಿಪ್ಪೆಯಾಗಿ ಬಂದಿತು. ಬಿದಿರು ಅಂಟಿಗಿಂತ ಗಟ್ಟಿ, ಎಳೆಗಿಂತ ಮೆದು. ತಪ್ಪಿದರೆ ಸವೆಯುವುದು ಬಿದಿರೇ.

ಉಳಿದ ತೆಳು ಪೊರೆಗೆ, ಬಣ್ಣ ಬಳಿಯುವವರು ವಾಟರ್ ಪೇಪರ್ ಎನ್ನುವ ಕಾಗದವನ್ನು ತಂದೆವು: ಮೊದಲು 400ನೆಯ ನಂಬರು, ಬಳಿಕ 800. ಇದನ್ನು ಒಣಗಿದ್ದಾಗ ಉಜ್ಜಲೇಬಾರದು. ಅಂಟಿನ ಧೂಳೂ ಎಳೆಯ ಪುಡಿಯೂ ಶ್ವಾಸಕೋಶಕ್ಕೆ ಹಿತವಲ್ಲ, ಚರ್ಮಕ್ಕೆ ತುರಿ ತರುತ್ತವೆ. ನೀರಿನಲ್ಲಿ ತೋಯಿಸಿ ಉಜ್ಜಿದರೆ ಧೂಳು ಏಳದು. ಆದರೂ ಎನ್-95 ಮುಖಗವಸು, ಕಣ್ಣಿಗೆ ಕನ್ನಡಕ, ಕೈಗೆ ರಬ್ಬರಿನ ಗವಸು ಇರಲೇಬೇಕು. ಮಕ್ಕಳನ್ನು ಹತ್ತಿರ ಸೇರಿಸಕೂಡದು. ಒರಸಿದ ಬಟ್ಟೆಯನ್ನು ಹಸಿಯಾಗಿರುವಾಗಲೇ ಚೀಲದಲ್ಲಿ ಕಟ್ಟಿಡಬೇಕು. ಎಳೆ ಚುಚ್ಚಿದರೆ ಉಜ್ಜದೆ, ಅಂಟುಪಟ್ಟಿಯನ್ನು ಒತ್ತಿ ಎತ್ತಬೇಕು. ಇಂಗಾಲದ ಎಳೆ ವಿದ್ಯುತ್ತನ್ನು ಹರಿಸುವುದರಿಂದ ಅದರ ಧೂಳು ಸ್ವಿಚ್ಚು ಮೋಟಾರುಗಳ ಬಳಿ ಬೀಳಬಾರದು. ಇದೇ ಕಾರಣದಿಂದ, ವಿದ್ಯುತ್ ತಂತಿಯ ಸಮೀಪದಲ್ಲಿ ಈ ದೋಟಿಯನ್ನು ಎತ್ತುವುದು ಮೃತ್ಯುವನ್ನು ಕರೆದಂತೆ.

ಎಲ್ಲಿ ನಿಲ್ಲಿಸಬೇಕು? ಅದನ್ನು ನೀರೇ ಹೇಳುತ್ತದೆ. ಉಜ್ಜಿದ ನೀರು ಹಾಲಿನಂತೆ ಬೆಳ್ಳಗಿರುವ ತನಕ ಹೋಗುತ್ತಿರುವುದು ಅಂಟು ಇಲ್ಲವೆ ಮೇಲಿನ ಮೆರುಗು. ಕಪ್ಪು ಬಣ್ಣ ಇಣುಕಿತೆಂದರೆ ಎಳೆ ಸವೆಯುತ್ತಿದೆಯೆಂದರ್ಥ. 2001ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ವಿಮಾನದ ಮೈಯಲ್ಲಿಯೂ ಇಂಗಾಲದ ಎಳೆಯೇ ಬಹಳ. ಲೋಹದ ವಿಮಾನದ ಹಳೆಯ ಬಣ್ಣವನ್ನು ಮದ್ದು ಹಚ್ಚಿ ಕೀಳುವುದುಂಟು. ಇಂಥ ಮೈಯ ಬಣ್ಣವನ್ನಾದರೋ ಸಾಮಾನ್ಯವಾಗಿ ಎಚ್ಚರದಿಂದ ಉಜ್ಜಿಯೇ ತೆಗೆಯುತ್ತಾರೆ. ದೊಡ್ಡವರಿಗೂ ಇದಕ್ಕಿಂತ ಸುಲಭದ ಹಾದಿಯಿಲ್ಲವೆಂದು ನಮಗೆ ಸ್ವಲ್ಪ ಸಮಾಧಾನವಾಯಿತು.

ಆದರೆ ಮೊದಲನೆಯ ಕೊಳವೆಯ ಗತಿಯೇನು?

"ಅಡ್ಡಿಯಿಲ್ಲ ಮಾಸ್ಟ್ರೇ, ಸಣ್ಣ ಗೀರಲ್ವಾ? ಮೇಲಿಂದ ಒಂದು ಬಟ್ಟೆ ಸುತ್ತಿ ಅಂಟು ಹಾಕಿದ್ರೆ ಆಯ್ತು" ಎಂದ ಅವನು. ಅವನ ದಾಕ್ಷಿಣ್ಯವೇ ನಮ್ಮನ್ನು ಹೆಚ್ಚು ನೋಯಿಸಿತು. ಒಂದು ಗಳಿಗೆ ಹೂಂ ಎನ್ನೋಣವೆಂದೂ ತೋರಿತು; ನಮ್ಮ ತಪ್ಪು ಬಟ್ಟೆಯ ಕೆಳಗೆ ಮರೆಯಾಗುತ್ತಿತ್ತಲ್ಲವೆ? ಆದರೆ ಕಬ್ಬಿಣವು ಮುರಿಯುವ ಮುನ್ನ ಬಾಗಿ ಎಚ್ಚರಿಸುತ್ತದೆ. ಎಳೆ ಕಡಿದ ಈ ಕೊಳವೆ ಮುನ್ಸೂಚನೆಯಿಲ್ಲದೆ ತುಂಡಾಗಬಲ್ಲುದು. ಮೇಲೆ ಕತ್ತಿ, ಗೊನೆ. ಕೆಳಗೆ ಅವನ ತಲೆ.

"ಬೇಡ. ತಪ್ಪು ನಮ್ಮದು. ಇದನ್ನು ಇನ್ನು ಎತ್ತಬೇಡ" ಎಂದೆವು.

ಹೊಸ ಕೊಳವೆ ತರಿಸಿ ಕೊಡುವುದಕ್ಕೆ ನಾಲ್ಕು ದಿನ ಹಿಡಿಯಿತು. ಅದರ ಬೆಲೆಯನ್ನು ನಾವು ಕೊಟ್ಟೆವು. ಆ ನಾಲ್ಕು ದಿನಗಳ ಕೂಲಿಯನ್ನು ಅವನು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಗೀರು ಬಿದ್ದ ಕೊಳವೆಯು ಈಗ ನಮ್ಮ ವಿಜ್ಞಾನದ ಕೊಠಡಿಯ ಮೂಲೆಯಲ್ಲಿದೆ. ಅದನ್ನು ಕಂಡಾಗಲೆಲ್ಲ ನಮಗೆ ಮಕ್ಕಳ ಪ್ರಬಂಧದ ಪುಸ್ತಕಗಳು ನೆನಪಾಗುತ್ತವೆ. ತುಳು ಮಲೆಯಾಳಗಳ ನಡುವೆ ಬೆಳೆಯುವ ಮಗುವಿನ ಕನ್ನಡದಲ್ಲಿ ಅಲ್ಲಿನ ಮಾತೊಂದು ಅಂಟಿಕೊಂಡಿರುವುದು ಸಹಜ. ಅದನ್ನು ಹೆರೆಯುವ ಭರದಲ್ಲಿ ಎಷ್ಟು ಎಳೆಗಳನ್ನು ಕಡಿದಿದ್ದೇವೆಯೋ, ಎಷ್ಟು ಮಕ್ಕಳು ಆಮೇಲೆ ಬಾಯಿ ಬಿಡಲೇ ಅಂಜಿದರೋ!

ಎರಡನೆಯ ಕೊಳವೆಯನ್ನು ಒಯ್ಯುವ ದಿನ ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಇಲ್ಲೊಂದು ಸಣ್ಣ ಕಲೆ ಉಳಿದಿದೆ ಮಾಸ್ಟ್ರೇ" ಎಂದ.

"ಸರಿಯುತ್ತದೆಯೆ?" ಎಂದು ಕೇಳಿದೆವು.

"ಸರೀತದೆ."

"ಹಾಗಾದರೆ ಇರಲಿ ಬಿಡು" ಎಂದೆವು.