ರಿಯಾಲಿನ ಮೇಲಿನ ಸಹಿ

ನಾನು ಕೂಡಿಡುವುದು ಒಂದೇ ದೇಶದ ನೋಟುಗಳನ್ನು, ಅದರಲ್ಲೂ ಕಾಗದದವನ್ನು: ಸೌದಿ ಅರೇಬಿಯಾದ ರಿಯಾಲು. ಶಹಾಪುರದಲ್ಲಿ ಕೂತು ಈ ಹವ್ಯಾಸ ನಡೆಸಲು ದೊಡ್ಡ ಪೇಟೆಯ ವ್ಯಾಪಾರಿಗಳ ಮೊರೆ ಹೋಗಬೇಕಾದದ್ದು ಕಡಿಮೆ. ಸುರಪುರದ ರಂಗಂಪೇಟೆಯಲ್ಲೋ, ಗೋಗಿಯ ದರ್ಗಾದ ಸುತ್ತಲಿನ ಓಣಿಯಲ್ಲೋ, ಯಾದಗಿರಿಯ ಕೋಟೆಯ ಕೆಳಗಿನ ಮನೆಗಳಲ್ಲೋ ಹಜ್ ಮಾಡಿ ಬಂದ ಹಿರಿಯರಿದ್ದಾರೆ. ಜೆದ್ದಾ, ದಮ್ಮಾಮುಗಳಲ್ಲಿ ಗಾಡಿ ಓಡಿಸಿ, ಗೋಡೆ ಕಟ್ಟಿ ಬಂದ ಹುಡುಗರಿದ್ದಾರೆ. ಬದಲಾಯಿಸಿಕೊಳ್ಳಲು ತೀರ ಸಣ್ಣ ಮೊತ್ತ, ಬಿಸಾಕಲು ಮನಸ್ಸು ಬಾರದು. ಹಾಗಾಗಿ ಒಂದು, ಐದು ರಿಯಾಲಿನ ನೋಟುಗಳು ಪಾಸ್‌ಪೋರ್ಟಿನ ಹಾಳೆಗಳ ನಡುವೆ ಉಳಿದಿರುತ್ತವೆ. "ತಗೋರಿ ಸರ್, ನಮಗರ ಇದು ಏನ್ ಮಾಡೂದದ" ಎಂದು ಕೊಟ್ಟವರ ಮನೆಯಲ್ಲಿ ಚಹಾ ಕುಡಿಯದೆ ಎದ್ದು ಬರುವಂತಿಲ್ಲ.

ಮನೆಗೆ ತಂದ ಮೇಲೆ ಶುರುವಾಗುವುದು ನಿಜವಾದ ಸುಖ. ಇದು ಯಾವ ಕಾಲದ ನೋಟು?

ಮೊದಲು ಅಂಕಿಗಳು ಕಣ್ಣಿಗೆ ರೂಢಿಯಾಗಬೇಕು. ನಮ್ಮ ಸೊನ್ನೆಯ ಹಾಗೆ ಕಾಣುವುದು ಅಲ್ಲಿ ಐದು. ಬರೀ ಚುಕ್ಕಿ ಇಟ್ಟರೆ ಅದೇ ಸೊನ್ನೆ. ಅದನ್ನು ದಾಟಿದರೆ ಇಸವಿಯ ಗಂಟು. 1961ರಲ್ಲಿ ಬಂದ ಮೊದಲ ರಿಯಾಲು ನೋಟಿನಿಂದ ಹಿಡಿದು 1980ರ ದಶಕದ ಸರಣಿಯವರೆಗೂ ಎಲ್ಲದರ ಮೇಲೂ ಹಿಜರಿ 1379 ಎಂದೇ ಇದೆ. ಅದು ನೋಟು ಹೊರಡಿಸಲು ಅಪ್ಪಣೆ ಕೊಟ್ಟ ಕಾನೂನಿನ ವರ್ಷ. ಅಚ್ಚಾದ ಕಾಲ ತಿಳಿಯಬೇಕಾದರೆ ಭೂತಗನ್ನಡಿ ಹಿಡಿದು ಸಹಿಗಳನ್ನು ನೋಡಬೇಕು.

ಸಹಿ ಎರಡಿರುತ್ತವೆ, ಹಣಕಾಸು ಮಂತ್ರಿಯದೊಂದು, ಅಲ್ಲಿನ ಕೇಂದ್ರ ಬ್ಯಾಂಕಾದ ಸೌದಿ ಹಣಕಾಸು ಸಂಸ್ಥೆಯ ಗವರ್ನರನದೊಂದು. ಗವರ್ನರ್ ಅನ್ವರ್ ಅಲಿಯ ಸಹಿ ಇದ್ದರೆ 1974ರೊಳಗಿನದು. ಆತ ಪಾಕಿಸ್ತಾನದಿಂದ ಹೋಗಿ 1958ರಿಂದ ಸಾಯುವವರೆಗೂ ಸೌದಿಯ ಹಣಕಾಸನ್ನು ಕಾದವನು. ಅಲ್ ಕುರೈಶಿ ಇದ್ದರೆ 1983ರೊಳಗಿನದು. ಆಮೇಲೆ ಬಂದ ಅಲ್ ಸಯ್ಯಾರಿ 2009ರವರೆಗೂ ಇದ್ದದ್ದರಿಂದ ಆ ಒಂದೇ ಸಹಿಯಿಂದ ಏನೂ ಬಗೆಹರಿಯುವುದಿಲ್ಲ. ಪಕ್ಕದ ಮಂತ್ರಿಯನ್ನು ಕೇಳಬೇಕು. ಅಬಾ ಅಲ್ ಖೈಲ್ ಎಂದರೆ 1995ರೊಳಗಿನದು, ಅಲ್ ಅಸ್ಸಾಫ್ ಎಂದರೆ 1996ರಿಂದ ಈಚೆಗೆ. ಒಂದೇ ಬಣ್ಣ, ಒಂದೇ ಚಿತ್ರದ ಎರಡು ನೋಟುಗಳು ಮೂಲೆಯ ಶಾಯಿಗೆರೆಯೊಂದರಿಂದ ಬೇರೆಯಾಗುವ ಆ ಗಳಿಗೆಗಾಗಿಯೇ ನಾನು ರಾತ್ರಿ ದೀಪದ ಕೆಳಗೆ ಕೂರುವುದು.

ಚಿತ್ರಗಳ ಸೊಗಸೂ ಬೇರೆಯೇ. ದೊರೆ ಫಹದ್ ಕಾಲದ ಒಂದು ರಿಯಾಲಿನಲ್ಲಿ ಏಳನೇ ಶತಮಾನದ ಚಿನ್ನದ ದೀನಾರಿನ ಚಿತ್ರವಿದೆ, ಕಾಗದದ ಮೇಲೆ ಹಳೆಯ ನಾಣ್ಯ. ಐವತ್ತರ ನೋಟಿನಲ್ಲಿ ಜೆರುಸಲೇಮಿನ ಪವಿತ್ರ ಗುಮ್ಮಟ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ದೊರೆ ಫೈಸಲ್ ಮುಖವಿರುವ 1970ರ ದಶಕದ ಒಂದು ರಿಯಾಲು. ಅದರ ನಡುವೆ ಮೆಕ್ಕಾದ ಜಬಲ್ ಅನ್ನೂರ್ ಬೆಟ್ಟ. ಶಹಾಪುರದವರು ಮಲಗಿದ ಬುದ್ಧನ ಗುಡ್ಡವನ್ನು ಅದರ ಅಂಚಿನ ಗೆರೆಯಿಂದಲೇ ಗುರುತು ಹಿಡಿಯುವಂತೆ, ಹಾಜಿಗಳು ಈ ಬೆಟ್ಟವನ್ನು ನೋಡಿದ ಕೂಡಲೇ ಹೆಸರು ಹೇಳಿಬಿಡುತ್ತಾರೆ.

ಆದರೆ ನನ್ನ ಆಲ್ಬಮ್ಮಿನ ಮೊದಲ ಹಾಳೆಯಲ್ಲಿರುವುದು ನೋಟೇ ಅಲ್ಲ, ರಸೀದಿ. ಸೌದಿ ಹಣಕಾಸು ಸಂಸ್ಥೆ 1952ರಲ್ಲಿ ಹುಟ್ಟಿದಾಗ ಕಾಗದದ ಹಣ ಹೊರಡಿಸಕೂಡದು ಎಂದು ಅದರ ಕಟ್ಟಳೆಯಲ್ಲೇ ಇತ್ತು. ಆಗ ಓಡುತ್ತಿದ್ದದ್ದು ಬೆಳ್ಳಿಯ ರಿಯಾಲು, ಒಂದೊಂದೂ ಹನ್ನೊಂದು ಗ್ರಾಂ ಮೀರಿದ ತೂಕ. ದೂರದ ಊರುಗಳಿಂದ ಬಂದ ಯಾತ್ರಿಕರು ಅದನ್ನು ಚೀಲಗಟ್ಟಲೆ ಹೊತ್ತು ತಿರುಗಬೇಕಿತ್ತು. ಅದಕ್ಕೆಂದು 1953ರಲ್ಲಿ ಹತ್ತು ರಿಯಾಲಿನ 'ಹಾಜಿಗಳ ರಸೀದಿ' ಬಂತು. ಬೆಳ್ಳಿ ಒಪ್ಪಿಸಿದ್ದಕ್ಕೆ ಗುರುತಿನ ಕಾಗದ. ಯಾತ್ರಿಕರಿಗೆಂದು ಮಾಡಿದ್ದನ್ನು ಅಂಗಡಿಕಾರರೂ ಹಿಡಿದುಕೊಂಡರು, ಯಾತ್ರೆಯ ಕಾಲ ಮುಗಿದರೂ ಅದು ಕೈಯಿಂದ ಕೈಗೆ ಓಡಾಡತೊಡಗಿತು. ಒಂದು ದೇಶಕ್ಕೆ ಕಾಗದದ ಹಣವನ್ನು ರೂಢಿ ಮಾಡಿಸಿದವರು ಯಾತ್ರಿಕರು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಮುಂಬಯಿಯಲ್ಲಿ ಹಡಗೇರಿ ಹೋಗುತ್ತಿದ್ದ ನಮ್ಮ ಕಡೆಯವರಂಥವರೂ ಅದರಲ್ಲಿ ಸೇರಿದ್ದಾರೆ. ಆ ರಸೀದಿಯಲ್ಲಿ ಅರಬ್ಬಿಯ ಜೊತೆಗೆ ಪಾರ್ಸಿ, ತುರ್ಕಿ, ಮಲಾಯಿ, ಇಂಗ್ಲಿಷ್ ಇವೆ; ಉರ್ದುವೂ ಇದೆ.

ಆ ಉರ್ದುವನ್ನು ನನಗೆ ಓದಿ ಹೇಳಿದವರು ಸುರಪುರದ ಒಬ್ಬ ಲಿಂಗಾಯತ ಅಜ್ಜ. ನಿಜಾಮನ ಆಳ್ವಿಕೆಯಲ್ಲಿ ಶಾಲೆ ಕಲಿತವರು, ಉರ್ದು ಅವರ ನಾಲಿಗೆಯ ಮೇಲೇ ಇತ್ತು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಸರಸರ ಓದಿದರು. "ನಮ್ಮ ಹಾಲಿ ನೋಟಿನ ಮ್ಯಾಲೂ ಹಿಂಗ ಉರ್ದು ಇರ್ತಿತ್ತು ತಮ್ಮಾ. ಖರೆ ಅದರಾಗ ಕನ್ನಡಾನೂ ಇತ್ತು" ಎಂದರು. ಅವರು ಹೇಳಿದ್ದು ಸರಿ. ಹೈದರಾಬಾದ್ ಸಂಸ್ಥಾನ 1918ರಿಂದ ಹೊರಡಿಸಿದ ಈ ಹಾಲಿ ನೋಟುಗಳಲ್ಲಿ ಉರ್ದು, ಇಂಗ್ಲಿಷ್‌ಗಳ ಜೊತೆ ತೆಲುಗು, ಮರಾಠಿ, ಕನ್ನಡದಲ್ಲೂ ಮೊತ್ತ ಬರೆದಿರುತ್ತಿತ್ತು. ಅಂಥದೊಂದನ್ನು ಹುಡುಕಿ ತಂದು ರಸೀದಿಯ ಎದುರಿನ ಹಾಳೆಯಲ್ಲಿ ಇಟ್ಟಿದ್ದೇನೆ. ಒಂದೇ ದೇಶವೆಂಬ ನನ್ನ ನೇಮಕ್ಕೆ ಇದು ಹೊರತು, ಆದರೂ ಅದರ ಜಾಗ ಅದೇ.

1959ನ್ನು ನೆನೆದರೆ ನನಗೆ ಈಗಲೂ ಬೆರಗು. ನಮ್ಮ ಹಾಲಿ ಸಿಕ್ಕಾ, ಅಂದರೆ ನಿಜಾಮನ ರೂಪಾಯಿ, ಕೊನೆಯಾದದ್ದು ಆ ವರ್ಷ. ರಿಸರ್ವ್ ಬ್ಯಾಂಕ್ ಹಾಜಿಗಳಿಗೆಂದೇ ಹತ್ತು ಮತ್ತು ನೂರು ರೂಪಾಯಿಯ ಬೇರೆ ನೋಟು ತೆಗೆದದ್ದೂ ಅದೇ ವರ್ಷ. ಅದರ ಸಂಖ್ಯೆಯ ಮುಂದೆ 'ಎಚ್ ಎ' ಎಂಬ ಅಕ್ಷರಗಳಿರುತ್ತವೆ. ಹಿಜರಿ 1379ರ ರಜಬ್ ತಿಂಗಳ ಮೊದಲ ದಿನ, ಸೌದಿ ನೋಟುಗಳ ಕಾನೂನಿನ ದಿನ, ಲೆಕ್ಕ ಹಾಕಿದರೆ 1959ರ ಡಿಸೆಂಬರ್ ಕೊನೆಗೆ ಬಂದು ನಿಲ್ಲುತ್ತದೆ.

2020ರಲ್ಲಿ ಐದು ರಿಯಾಲು ಪಾಲಿಮರಿಗೆ ತಿರುಗಿತು. ಒಂದರ ನೋಟಿನ ಜಾಗಕ್ಕೆ ಅದಕ್ಕೂ ಮುಂಚೆಯೇ ನಾಣ್ಯ ಬಂದಿತ್ತು. ಈಗ ಊರಿಗೆ ಬರುವ ಹುಡುಗರ ಜೇಬಿನಲ್ಲಿ ಕಾಗದ ಕಡಿಮೆ, ಮೊಬೈಲಿನಲ್ಲೇ ಎಲ್ಲ ವ್ಯವಹಾರ. ಹಾಗಾಗಿ ನಾನು ಹುಡುಗರಿಗಿಂತ ಅವರ ಅಜ್ಜಂದಿರ ಟ್ರಂಕುಗಳ ಬಗ್ಗೆ ವಿಚಾರಿಸುತ್ತೇನೆ. 1961ರ ಒಂದು ರಿಯಾಲು ನನಗಿನ್ನೂ ಸಿಕ್ಕಿಲ್ಲ. ಅದರಲ್ಲೂ ಜಬಲ್ ಅನ್ನೂರ್ ಇದೆ, ದೊರೆಯ ಮುಖವಿಲ್ಲ. ಮುಂದಿನ ವಾರ ಗೋಗಿಗೆ ಬಾ ಅಂದಿದ್ದಾರೆ. 1960ರ ದಶಕದಲ್ಲಿ ಹಡಗಿನಲ್ಲಿ ಹೋಗಿ ಬಂದವರ ಪೆಟ್ಟಿಗೆಯೊಂದು ಅಲ್ಲಿದೆಯಂತೆ.