ಗೋದಲಿಗೆ ನಮ್ಮನೆ ಚಂದ್ರಿಕೆ

ನಮ್ಮೂರು ಕಲ್ಯ. ಆಫೀಸಿನಲ್ಲಿ ಯಾರಾದರೂ ಕೇಳಿದಾಗ ಹಾಗಂದರೆ "ಕಲ್ಯಾಣನಾ?" ಅಂತ ಮರುಪ್ರಶ್ನೆ ಬರುತ್ತೆ. ಅದಕ್ಕೇ ಮಾಗಡಿ ಅಂದುಬಿಡ್ತೀನಿ. ಜಿಲ್ಲೆ ಯಾವುದು ಅಂದರೆ ಇನ್ನೊಂದು ಫಜೀತಿ. ನಾನು ಶಾಲೆಗೆ ಸೇರಿದಾಗ ಬೆಂಗಳೂರು ಗ್ರಾಮಾಂತರ, ೨೦೦೭ರಲ್ಲಿ ರಾಮನಗರ, ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಅಂತಾಯ್ತು. ನಮ್ಮ ಮನೆ ಮಾತ್ರ ಇದ್ದಲ್ಲೇ ಇದೆ :-)

ಒಂದನೇ ಕ್ಲಾಸಿನಿಂದ ಏಳರವರೆಗೆ ನಾನು ಓದಿದ್ದು ಊರಿಗೆ ಹತ್ತಿರದ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ. ಬೋರ್ಡಿನ ಮೇಲೆ ಒಬ್ಬ ಸಂತರ ಹೆಸರಿತ್ತು, ಆದರೆ ಸುತ್ತಮುತ್ತಲ ಜನರ ಬಾಯಲ್ಲಿ ಅದು 'ಸಿಸ್ಟರುಗಳ ಸ್ಕೂಲು'. ಇಲ್ಲೂ ಹಾಗೇ ಇರಲಿ. ಹೆಸರು ಯಾಕೆ ಬೇಡ ಅನ್ನೋದು ಮುಂದೆ ಗೊತ್ತಾಗುತ್ತೆ. ನಮ್ಮ ಕ್ಲಾಸಿನಲ್ಲಿ ಕ್ರೈಸ್ತರು ಬರೀ ನಾಲ್ಕು ಜನ. ಉಳಿದವರು ಒಕ್ಕಲಿಗರು, ಲಿಂಗಾಯತರು, ದಲಿತರು, ಜೊತೆಗೆ ಐದಾರು ಮುಸ್ಲಿಂ ಹುಡುಗ ಹುಡುಗಿಯರು. ಪಾಠ ಯಾವ ಶಾಲೆಯಲ್ಲಾದರೂ ಒಂದೇ. ಆ ಶಾಲೆಯಿಂದ ನನಗೆ ಇವತ್ತಿಗೂ ನೆನಪಿರೋದು ಹಬ್ಬಗಳು.

ವಿಚಿತ್ರ ಏನಂದರೆ ನಮ್ಮ ರಜೆಗಳೂ ಅವರ ಹಬ್ಬಗಳೂ ಒಂದರ ಮೇಲೊಂದು ಬೀಳುತ್ತಿದ್ದವು. ಆಗಸ್ಟ್ ೧೫ ಸ್ವಾತಂತ್ರ್ಯ ದಿನ, ಅದೇ ದಿನ ಮರಿಯಮ್ಮನವರು ಸ್ವರ್ಗಕ್ಕೆ ಹೋದ ಹಬ್ಬ. ಧ್ವಜ ಏರಿಸಿ, ಲಾಡು ಹಂಚಿ, ಕ್ರೈಸ್ತ ಮಕ್ಕಳು ಪಕ್ಕದ ದೇವಾಲಯಕ್ಕೆ ಹೋಗುತ್ತಿದ್ದರು. ನವೆಂಬರ್ ೧ ರಾಜ್ಯೋತ್ಸವ, ಅವರಿಗೆ ಸಕಲ ಸಂತರ ಹಬ್ಬ. ಮೂರನೇ ಕ್ಲಾಸಿನವರೆಗೂ ನಾನು ಭುವನೇಶ್ವರಿಯೂ ಆ ಸಂತರಲ್ಲಿ ಒಬ್ಬಳು ಅಂದುಕೊಂಡಿದ್ದೆ. ಮಾರನೇ ದಿನ ಸತ್ತವರ ಹಬ್ಬ, ಸಮಾಧಿಗಳಿಗೆಲ್ಲ ಸುಣ್ಣ ಹೊಡೆದು ಹೂವಿಟ್ಟು ಮೇಣದಬತ್ತಿ ಹಚ್ಚುತ್ತಿದ್ದರು. "ನಮ್ಮ ಪಿತೃಪಕ್ಸ ಕಣ್ಲಾ ಅದು, ವಡೆ ಪಾಯ್ಸ ಇಲ್ಲ ಅಷ್ಟೆಯ" ಅಂತ ನಮ್ಮಜ್ಜಿ ಒಂದೇ ಮಾತಲ್ಲಿ ಮುಗಿಸಿಬಿಟ್ಟಿದ್ದಳು.

ಇನ್ನು ವಿಭೂತಿ ಬುಧವಾರ. ಹೌದು, ಹೆಸರೇ ಹಾಗೆ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಶುರುವಾಗುವ ದಿನ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಹಂಚಿದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಗುರುಗಳು ಹಣೆಗೆ ಹಚ್ಚುತ್ತಾರೆ. ನಮ್ಮ ಕ್ಲಾಸಿನ ಲಿಂಗಾಯತ ಹುಡುಗರು ದಿನಾ ವಿಭೂತಿ ಧರಿಸಿಯೇ ಬರುತ್ತಿದ್ದರು. ಅವತ್ತೊಂದು ದಿನ ಆ ನಾಲ್ಕು ಜನರ ಹಣೆಯಲ್ಲೂ ಬೂದಿ. ಸುಮ್ಮನೆ ಕೂತು ಹಣೆ ಎಣಿಸುತ್ತಿದ್ದೆವು. ಸಿಸ್ಟರ್ ಗದರಿಸಲಿಲ್ಲ, ಅವರೂ ನಕ್ಕರು.

ಚರ್ಚಿನ ಭಾಷೆಯೂ ಹೀಗೇ ನೋಡಿ. ಹಿಂದೆ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ೧೯೬೨ರಿಂದ ೬೫ರವರೆಗೆ ರೋಮಿನಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಅದು ಅವರವರ ಊರಿನ ಮಾತಿಗೆ ಬಂತು. ಆದರೆ ನಮ್ಮ ಕಡೆಯ ಹಳೇ ಕ್ರೈಸ್ತರಿಗೆ ಪೂಜೆ, ತೇರು, ಗುಡಿ, ಹರಕೆ ಅನ್ನೋ ಮಾತುಗಳು ಮನೆಮಾತು.

ಅದಿರಲಿ, ಡಿಸೆಂಬರಿಗೆ ಬರೋಣ. ನಮಗೆಲ್ಲ ದೊಡ್ಡ ಹಬ್ಬ ಅಂದರೆ ಗೋದಲಿ ಕಟ್ಟೋದು. ಯೇಸು ಹುಟ್ಟಿದ ದನದ ಕೊಟ್ಟಿಗೆಯ ಮಾದರಿ ಅದು. ಬೆಂಗಳೂರಿನ ಅಂಗಡಿಗಳಲ್ಲಿ ಈಗ ರೆಡಿಮೇಡ್ ಥರ್ಮಾಕೋಲ್ ಗೋದಲಿ ಸಿಗುತ್ತೆ. ನಮ್ಮದು ಪೂರ್ತಿ ಲೋಕಲ್. ಗೋಡೆಗೆ ಏನು ಗೊತ್ತಾ? ಚಂದ್ರಿಕೆ! ರೇಷ್ಮೆ ಸಾಕಿದವರಿಗೆ ಗೊತ್ತಿರುತ್ತೆ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟೆ, ಆಳೆತ್ತರ, ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಹೆಣೆದಿರುತ್ತಾರೆ. ರಾಮನಗರದ ಗೂಡಿನ ಮಾರುಕಟ್ಟೆ ಹತ್ತಿರ ಇರೋದರಿಂದ ನಮ್ಮ ಸುತ್ತಿನ ಬಹಳಷ್ಟು ಮನೆಗಳಲ್ಲಿ ಹುಳು, ಅಟ್ಟದ ಮೇಲೆ ಚಂದ್ರಿಕೆ. ಎರಡನ್ನು ಎದುರುಬದುರು ನಿಲ್ಲಿಸಿ, ಮೇಲೊಂದನ್ನು ಮಲಗಿಸಿ, ರಾಗಿಹುಲ್ಲು ಹೊದಿಸಿದರೆ ಕೊಟ್ಟಿಗೆ ರೆಡಿ. ಬೆಳೆ ಮನೆಯಲ್ಲಿ ಇದ್ದರೆ ಅಪ್ಪ ಕೊಡುತ್ತಿರಲಿಲ್ಲ. ಬೇರೆಯವರ ಕೈ ತಾಗಿ ಹುಳುವಿಗೆ ರೋಗ ಬಂದರೆ ಅನ್ನೋ ಭಯ. ಬೆಳೆ ಮುಗಿದಿದ್ದರೆ ತಾನೇ ತೊಳೆದು ಒಣಗಿಸಿ ಸೈಕಲ್ಲಿಗೆ ಕಟ್ಟಿ ತಂದುಕೊಡುತ್ತಿದ್ದ.

ಗೋದಲಿಯ ಮುಂದೆ ಹೊಲ ಬೇಕಲ್ಲ? ಅದು ರಾಗಿ ಪೈರು. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ತಟ್ಟೆಗಳಲ್ಲಿ ಮಣ್ಣು ಗೊಬ್ಬರ ಹಾಕಿ ರಾಗಿ ಚೆಲ್ಲಬೇಕು. ಒಂದು ಸಲ ಶಾಲೆಯಲ್ಲಿ ಚೆಲ್ಲಿದ ರಾಗಿ ಮೊಳೆಯಲೇ ಇಲ್ಲ. ನಾನು ಅಜ್ಜಿಗೆ ಹೇಳಿದೆ. ಅವಳು ರಾತ್ರಿ ರಾಗಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಆ ಗಂಟನ್ನು ಸೆರಗಿನಲ್ಲಿ ಇಟ್ಟುಕೊಂಡು ಶಾಲೆಗೇ ನಡೆದು ಬಂದಳು. "ನೀವು ವಸಿ ಆಚೆಗ್ ಬನ್ನಿ ಸಿಸ್ಟ್ರಮ್ಮ, ಇದು ಪುಸ್ತಕದ ಕೆಲ್ಸ ಅಲ್ಲ" ಅಂತ ಹೇಳಿ, ನೆಲಕ್ಕೆ ಕೂತು ತಾನೇ ಚೆಲ್ಲಿದಳು. ಮುಂದೆ ಅವಳು ಇರುವವರೆಗೂ ಪ್ರತಿ ಡಿಸೆಂಬರಿನಲ್ಲಿ ಸಿಸ್ಟರ್ ಕಡೆಯಿಂದ ಅವಳಿಗೆ ಬುಲಾವ್ ಬರುತ್ತಿತ್ತು. ಅವಳು ಯೇಸುವನ್ನು 'ಅವ್ರ ಕೃಷ್ಣ' ಅನ್ನುತ್ತಿದ್ದಳು. ದನದ ಕೊಟ್ಟಿಗೆ, ಕೊಲ್ಲಲು ಹುಡುಕೋ ರಾಜ, ನಡುರಾತ್ರಿ ಹುಟ್ಟಿದ್ದು. ಅವಳ ಲೆಕ್ಕಕ್ಕೆ ಇಷ್ಟು ಸಾಕಾಗಿತ್ತು.

ದನಗಳು ಚನ್ನಪಟ್ಟಣದ ಮರದ ಗೊಂಬೆಗಳು. ಒಂಟೆ ಇರಲಿಲ್ಲ, ಒಂದು ಕುದುರೆಗೆ ಜೇಡಿಮಣ್ಣಿನ ಡುಬ್ಬ ಅಂಟಿಸಿದ್ದೆವು. ಬಾಲಯೇಸುವಿನ ತೊಟ್ಟಿಲು ಮಾತ್ರ ಖಾಲಿ. ಮಗುವನ್ನು ಇಡೋದು ೨೪ರ ರಾತ್ರಿ ಪೂಜೆಯಲ್ಲಿ, ಅಷ್ಟರಲ್ಲಿ ನಮಗೆ ರಜ. ಹಾಗಾಗಿ ನಮ್ಮಲ್ಲಿ ಬಹಳ ಜನ ವರ್ಷಗಟ್ಟಲೆ ಗೋದಲಿ ಕಟ್ಟಿಯೂ ಮಗುವನ್ನೇ ನೋಡಿರಲಿಲ್ಲ. ಐದನೇ ಕ್ಲಾಸಿನಲ್ಲಿ ಹಟ ಮಾಡಿ ಅಪ್ಪನ ಟಿವಿಎಸ್ ಹತ್ತಿ ಆ ರಾತ್ರಿ ಹೋದೆ. ನಮ್ಮ ಚಂದ್ರಿಕೆಗೆ ಸೀರಿಯಲ್ ಲೈಟ್ ಸುತ್ತಿದ್ದರು. ವಾಪಸ್ ಬರುವಾಗ ಗೆಳೆಯನ ಅಮ್ಮ ಕರ್ಜಿಕಾಯಿ, ಅಚ್ಚುಮುರುಕು ಕಟ್ಟಿಕೊಟ್ಟರು. ಸಂಕ್ರಾಂತಿಗೆ ಅವರ ಮನೆಗೆ ನಮ್ಮನೆಯಿಂದ ಎಳ್ಳು ಬೆಲ್ಲ ಹೋಯಿತು.

ನಾಟಕದ್ದು ಹೇಳದಿದ್ದರೆ ಹೇಗೆ? ರಜೆಗೆ ಮುಂಚೆ ಕ್ರಿಸ್ತನ ಜನನದ ನಾಟಕ ಆಗಲೇಬೇಕು. ನನ್ನ ಮುಸ್ಲಿಂ ಗೆಳೆಯನಿಗೆ ಪ್ರತಿ ವರ್ಷವೂ ಕುರುಬನ ಪಾತ್ರ, ಯಾಕೆಂದರೆ ಅವನ ಮನೆಯಲ್ಲಿ ನಿಜವಾದ ಮೇಕೆಮರಿಗಳಿದ್ದವು. ಅವರ ಕುರಾನಿನಲ್ಲೂ ಮರಿಯಮ್ಮನವರ ಹೆಸರಿನ ಒಂದು ಅಧ್ಯಾಯವೇ ಇದೆ ಅಂತ ನನಗೆ ಗೊತ್ತಾಗಿದ್ದು ಅವನಿಂದಲೇ.

ಇಷ್ಟೆಲ್ಲ ನೆನಪಾಗಿದ್ದಕ್ಕೆ ಕಾರಣ ನಮ್ಮಣ್ಣನ ಮಗಳು. ಮೂರನೇ ಕ್ಲಾಸು, ಅದೇ ಶಾಲೆ. ಈಗ ಅದು ಇಂಗ್ಲಿಷ್ ಮೀಡಿಯಂ. ಆದರೆ ನಾಟಕ ಇನ್ನೂ ಕನ್ನಡದಲ್ಲೇ, ಇಲ್ಲದಿದ್ದರೆ ಮುಂದೆ ಕೂತ ಅಜ್ಜಿ ತಾತಂದಿರಿಗೆ ಅರ್ಥ ಆಗಬೇಕಲ್ಲ. ಹೋದ ನವೆಂಬರಿನಲ್ಲಿ ಅವಳನ್ನು ಮರಿಯಮ್ಮನ ಪಾತ್ರಕ್ಕೆ ಆರಿಸಿದರು. ಖುಷಿಯಲ್ಲಿ ಅತ್ತಿಗೆ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಅಲ್ಲಿಂದ ಶುರುವಾಯಿತು. "ಇವತ್ತು ವೇಷ, ನಾಳೆ ಏನು?" ಅಂತ ಒಬ್ಬರು. ಇನ್ನೊಬ್ಬರಿಂದ ಎಲ್ಲೆಲ್ಲಿಂದಲೋ ಬಂದ ಫಾರ್ವರ್ಡುಗಳು. ರಾತ್ರಿ ಹತ್ತಕ್ಕೆ ಅಣ್ಣ ಫೋನ್ ಮಾಡಿದ. "ಬೇಡ ಅಂದ್ಬುಟ್ಟೆ ಕಣೋ. ಊರಲ್ಲಿರೋನು ನಾನು, ನೀನಲ್ಲ."

ಅವನ ಮಾತಲ್ಲಿ ಸುಳ್ಳಿಲ್ಲ. ನಮ್ಮ ಕಡೆ ಈ ವಿಷಯದಲ್ಲಿ ಗಾಳಿ ಬದಲಾಗಿದೆ. ಕನಕಪುರ ತಾಲ್ಲೂಕಿನ ಹಾರೋಬೆಲೆ ಗೊತ್ತಿರಬಹುದು, ಬಹುಪಾಲು ಕ್ರೈಸ್ತರೇ ಇರುವ ಹಳ್ಳಿ. ಇಂಜಿನಿಯರಿಂಗ್ ಓದುವಾಗ ಅಲ್ಲಿನ ಒಬ್ಬ ಕ್ಲಾಸ್‌ಮೇಟ್ ಜೊತೆ ಶುಭ ಶುಕ್ರವಾರಕ್ಕೆ ಹೋಗಿದ್ದೆ. ಬಿಸಿಲಲ್ಲಿ ಕಪಾಲಬೆಟ್ಟ ಹತ್ತಿದ್ದೆ. ಊರಿನವರೇ ತಲೆಮಾರುಗಳಿಂದ ಆಡಿಕೊಂಡು ಬಂದಿರುವ 'ಮಹಿಮೆ' ನಾಟಕದ ಕಥೆ ಕೇಳಿದ್ದೆ, ಯೇಸುವಿನ ಕೊನೆಯ ದಿನಗಳ ನಾಟಕ ಅದು. ಆಗ ಆ ಬೆಟ್ಟದ ಹೆಸರು ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. ೨೦೧೯ರ ಕ್ರಿಸ್ಮಸ್ ದಿನ ಅಲ್ಲಿ ೧೧೪ ಅಡಿಯ ಯೇಸು ಪ್ರತಿಮೆಗೆ ಶಂಕುಸ್ಥಾಪನೆ ಆಯ್ತು, ೨೦೨೦ರ ಜನವರಿ ೧೩ರಂದು ಕನಕಪುರದಲ್ಲಿ ಅದರ ವಿರುದ್ಧ ದೊಡ್ಡ ಮೆರವಣಿಗೆ ನಡೆಯಿತು, ಟಿವಿಯವರೆಲ್ಲ ಬಂದರು. ಯಾವ ದೇವರದ್ದೇ ಆಗಲಿ, ಅಡಿ ಲೆಕ್ಕದಲ್ಲಿ ಪೈಪೋಟಿಗೆ ಬೀಳೋದು ನನಗೆ ಇಷ್ಟವಿಲ್ಲ. ಸರ್ಕಾರದ ಜಮೀನಿನ ಪ್ರಶ್ನೆ ಕೇಳುವವರು ಕೇಳಲಿ. ಆದರೆ ಆ ಜಗಳ ಬೆಟ್ಟದಿಂದ ಇಳಿದು ನಮ್ಮ ಮೂರನೇ ಕ್ಲಾಸಿನ ಹುಡುಗಿಯ ನೀಲಿ ಸೆರಗಿನವರೆಗೆ ಬರಬೇಕಿತ್ತಾ?

ಗ್ರೂಪಿನಲ್ಲಿ ಜಗಳ ಆಡಲಿಲ್ಲ. ನಮ್ಮೂರಿನ ಶಾಸನದ ವಿಷಯ ಬರೆದು ಹಾಕಿದೆ. ಆರನೇ ಕ್ಲಾಸಿನಲ್ಲಿ ಸಮಾಜದ ಮೇಷ್ಟ್ರು ಸಾಲಾಗಿ ನಡೆಸಿಕೊಂಡು ಬಂದು ಅದರ ಕಥೆ ಹೇಳಿದ್ದರು. ೧೩೬೮, ವಿಜಯನಗರದ ಬುಕ್ಕರಾಯನ ಕಾಲ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹದ ಜೈನರು ರಾಜನಲ್ಲಿ ದೂರು ಕೊಟ್ಟರು. ಆ ಕಲ್ಲೇಹವೇ ಕಲ್ಯ. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ, ಒಬ್ಬರ ಹಾನಿ ಇನ್ನೊಬ್ಬರ ಹಾನಿ ಅಂತ ತೀರ್ಪು ಕೊಟ್ಟ. ಅದರ ಒಂದು ಕಲ್ಲು ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ನಮ್ಮೂರಲ್ಲಿ. ಅಲ್ಲಿ ಬರೆಸಿರುವ ಹಕ್ಕು ಏನು ಗೊತ್ತಾ? ಪಂಚಮಹಾವಾದ್ಯ ಮತ್ತು ಕಳಶ! ಅಂದರೆ ಯಾರ ಉತ್ಸವದಲ್ಲಿ ಯಾರು ವಾದ್ಯ ಬಾರಿಸಬಹುದು ಅನ್ನೋದು. ಆರೂವರೆ ಶತಮಾನದ ಹಿಂದೆಯೂ ಹೊಡೆದಾಟ ಹಬ್ಬದ ಮೇಲೆಯೇ. ಬುಕ್ಕ ಬರೀ ಕೈ ಹಿಡಿಸಿ ಕಳಿಸಲಿಲ್ಲ. ಬೆಳಗೊಳದ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಬೇಕು, ಅದಕ್ಕೆ ಜೈನರ ಮನೆಮನೆಯಿಂದ ಹಣ ಎತ್ತಬೇಕು, ಉಳಿದಿದ್ದರಲ್ಲಿ ಹಾಳಾದ ಬಸದಿಗಳನ್ನು ಸರಿಮಾಡಿಸಬೇಕು, ಇಷ್ಟಕ್ಕೂ ಹೊಣೆ ತಿರುಮಲೆಯ ತಾತಯ್ಯ ಅನ್ನೋ ವೈಷ್ಣವನೇ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂದರೆ ಇದು ನೋಡಿ.

ಎರಡು ಥಂಬ್ಸಪ್ ಬಂತು. "ಅದು ಬೇರೆ ಇದು ಬೇರೆ" ಅಂತ ಒಂದು ಉತ್ತರ. ಆಮೇಲೆ ಯಾರೋ ಶುಭರಾತ್ರಿಯ ಹೂವು ಹಾಕಿದರು. ಮುಗೀತು.

ಶಾಲೆಯವರ ಹೆಸರು ಹೇಳದೇ ಇರೋದು ಇದಕ್ಕೇ. ಸಿಸ್ಟರ್‌ಗೆ ಹೇಗೋ ವಿಷಯ ಮುಟ್ಟಿ ಅವರೇ ಅಣ್ಣನಿಗೆ ಫೋನ್ ಮಾಡಿದ್ದರು. "ನಿಮಗೆ ಮನಸ್ಸಿಲ್ಲದೆ ವೇಷ ಹಾಕಿಸಲ್ಲಪ್ಪ. ಮಗು ಅಳ್ತಾ ಇದ್ದಾಳೆ, ಅದಕ್ಕೆ ಏನಾದ್ರೂ ಹೇಳಿ" ಅಂದರಂತೆ, ಅಷ್ಟೇ. ಅವ್ವ ಅವತ್ತು ಟ್ರಂಕಿನಿಂದ ಒಂದು ಫೋಟೋ ತೆಗೆದು ಟಿವಿ ಮುಂದೆ ಇಟ್ಟಳು. ಅಣ್ಣ ಐದನೇ ಕ್ಲಾಸಿನಲ್ಲಿ ಯೋಸೇಫ ಆಗಿದ್ದ, ಕುರಿ ತುಪ್ಪಟದ ಗಡ್ಡ, ಅಪ್ಪನ ಪಂಚೆ. ಪಕ್ಕದಲ್ಲಿ ನಿಂತ ಮರಿಯಮ್ಮ ಈಗ ಮಾಗಡಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ. ಅಣ್ಣ ಫೋಟೋ ನೋಡಿದ, ಮಾತಾಡಲಿಲ್ಲ. ಎರಡು ದಿನ ಬಿಟ್ಟು ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೋದ. ಅಷ್ಟರಲ್ಲಿ ಮರಿಯಮ್ಮನ ಪಾತ್ರ ಬೇರೆ ಹುಡುಗಿಗೆ ಹೋಗಿತ್ತು, ಅವಳಿಂದ ಕಿತ್ತುಕೊಳ್ಳೋದು ನ್ಯಾಯವಲ್ಲ. ಕುರುಬರ ಗುಂಪಿನಲ್ಲಿ ಜಾಗ ಇತ್ತು.

ನಾಟಕದ ದಿನ ನಾನು ರಜೆ ಹಾಕಿ ಹೋಗಿದ್ದೆ. ಅಣ್ಣ ಒಳಗೆ ಬಂದು ಕೂರಲಿಲ್ಲ, ಗೇಟಿನ ಹತ್ತಿರ ಬೈಕಿಗೆ ಒರಗಿ ನಿಂತಿದ್ದ. ಬಂದ ಪರಿಚಯದವರಿಗೆಲ್ಲ "ಸುಮ್ನೆ ಬಿಟ್ಟೋಗಕ್ ಬಂದೆ" ಅನ್ನುತ್ತಿದ್ದ. ಗೋದಲಿಗೆ ಈಗ ಬಿದಿರಿನ ಚಂದ್ರಿಕೆ ಸಿಗೋದು ಕಷ್ಟ, ಎಲ್ಲರೂ ಪ್ಲಾಸ್ಟಿಕ್ಕಿನದಕ್ಕೆ ಬದಲಾಗಿದ್ದಾರೆ. ನಮ್ಮ ಅಟ್ಟದಲ್ಲಿ ಉಳಿದಿದ್ದ ಒಂದು ಅಲ್ಲಿ ನಿಂತಿತ್ತು. ತಂದುಕೊಟ್ಟಿದ್ದು ನಾನಲ್ಲ, ಅಪ್ಪನೂ ಅಲ್ಲ.

ನಮ್ಮ ಹುಡುಗಿಗೆ ಇದ್ದಿದ್ದು ಒಂದೇ ಮಾತು, ನಕ್ಷತ್ರ ತೋರಿಸಿ "ಅಗೋ ನೋಡಿ!" ಅನ್ನಬೇಕು. ಚೆನ್ನಾಗೇ ಅಂದಳು. ಎಲ್ಲರೂ ಮೇಲೆ ನೋಡಿದಾಗ ಅವಳ ಕೈಯಲ್ಲಿದ್ದ ಮೇಕೆಮರಿ ತಪ್ಪಿಸಿಕೊಂಡು, ಗೋದಲಿ ಮುಂದಿನ ರಾಗಿ ಪೈರನ್ನು ಒಂದು ತಟ್ಟೆ ಪೂರ್ತಿ ಮೇದು ಮುಗಿಸಿತು.