ಅಳಿಯ ಡೈರೆಕ್ಟರಾದ

ಎಂಜಿನಿಯರಿಂಗ್ ಮುಗಿಸಿದ ಹುಡುಗ ಸಿನಿಮಾ ಮಾಡುತ್ತೇನೆಂದು ಹೊರಟರೆ ಅವನ ಮೊದಲ ನಿರ್ಮಾಪಕ ಸೋದರಮಾವನೇ. ದುಡ್ಡಿಲ್ಲ ಎಂದರೆ ಮನೆ ಕೊಡಬೇಕು. ಮನೆ ಕೊಟ್ಟ ಮೇಲೆ ಊಟ. ಊಟವಾದ ಮೇಲೆ ಮುಖ. ನಮ್ಮಕ್ಕನ ಮಗ ಮೂರನ್ನೂ ಕೇಳಿದ.

ನಾನು ಗೊಣಗಿದೆ. ಅವನ ಬಳಿ ದೃಷ್ಟಾಂತಗಳಿಗೇನು ಬರವೇ? ಪವನ್ ಕುಮಾರ್ ನೂರಕ್ಕೂ ಹೆಚ್ಚು ಮಂದಿಯಿಂದ ದುಡ್ಡು ಕೂಡಿಸಿ 2013ರಲ್ಲಿ 'ಲೂಸಿಯಾ' ತೆರೆಗೆ ತಂದರಂತೆ. ರಾಮ್ ರೆಡ್ಡಿ ಮಂಡ್ಯ ಸೀಮೆಯ ಹಳ್ಳಿಗರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತಂತೆ. ನಟೇಶ್ ಹೆಗಡೆ ತಮ್ಮ ತಂದೆ ಗೋಪಾಲ ಹೆಗಡೆಯವರಿಂದಲೇ ಮುಖ್ಯ ಪಾತ್ರ ಮಾಡಿಸಿದ 'ಪೆಡ್ರೊ' 2021ರಲ್ಲಿ ಬೂಸಾನ್‌ಗೆ ಹೋಯಿತಂತೆ.

"ಅಪ್ಪಂದಿರೇ ಆಕ್ಟ್ ಮಾಡ್ತಾರೆ, ನೀವು ಮಾಡಿದ್ರೆ ಏನಾಗುತ್ತೆ ಮಾವ?"

ಇವನ ಅಪ್ಪ, ಅಂದರೆ ನಮ್ಮ ಭಾವ, ಮಗ ಕೆಲಸ ಬಿಟ್ಟಂದಿನಿಂದ ಅವನ ಜೊತೆ ಮಾತು ಬಿಟ್ಟಿದ್ದರು. ಹಾಗಾಗಿ ಅಪ್ಪನ ಪಾತ್ರ ನನ್ನ ಪಾಲಿಗೆ ಬಂತು.

ಡಬ್ಬಿಂಗ್‌ಗೆ ದುಡ್ಡಿಲ್ಲ, ಸಿಂಕ್ ಸೌಂಡ್ ಎಂದರು. ಫ್ಯಾನ್ ನಿಂತಿತು, ಕುಕ್ಕರ್‌ಗೆ ಕೂಗಬಾರದೆಂದು ಅಪ್ಪಣೆಯಾಯಿತು. ಸೌಂಡ್ ಹುಡುಗ ಫ್ರಿಜ್ ಆಫ್ ಮಾಡಿ, ತನ್ನ ಬೈಕಿನ ಕೀಯನ್ನು ಅದರೊಳಗೆ, ಮೊಸರಿನ ಪಕ್ಕ ಇಟ್ಟ. ಹೊರಡುವಾಗ ಕೀ ಬೇಕೇ ಬೇಕಲ್ಲ, ಆಗ ಆನ್ ಮಾಡುವುದು ನೆನಪಾಗುತ್ತದಂತೆ. ನನ್ನವಳು ಬೆರಗಾಗಿ, "ಇಷ್ಟು ಬುದ್ಧಿ ಇರೋನು ಸಿನಿಮಾಕ್ಕೆ ಯಾಕೆ ಬಂದ?" ಎಂದಳು.

ನನಗೆ ಸಿಕ್ಕ ಸೂಚನೆ ಒಂದೇ: "ಮಾವ, ನೀವು ಏನೂ ಮಾಡಬೇಡಿ. ಸುಮ್ನೆ ಕೂತಿರಿ." ಸರ್ಕಾರಿ ಕಚೇರಿಯಲ್ಲಿ ಇಡೀ ಸರ್ವೀಸು ಅದನ್ನೇ ಮಾಡಿದವನಿಗೆ ಕ್ಯಾಮೆರಾ ಎದುರು ಅದೇ ಕೈಕೊಟ್ಟಿತು. ಟೇಕಿನ ಮೇಲೆ ಟೇಕು. ಅಳಿಯ ರೇಗಲಿಲ್ಲ. ಮೊಣಕಾಲೂರಿ ಕೂತು, ನನ್ನ ಕೈಯಲ್ಲಿದ್ದ ಪೇಪರು ಸರಿಮಾಡಿ, ಮೆಲ್ಲಗೆ, "ಮಗ ಇವತ್ತೂ ಬರಲ್ಲ ಅಂತ ಗೊತ್ತು. ಆದ್ರೂ ಗೇಟಿನ ಸದ್ದಿಗೆ ತಲೆ ಎತ್ತುತ್ತೀರಿ" ಎಂದ. ಎತ್ತಿದೆ. ಓಕೆ ಆಯಿತು. ಈ ದೃಶ್ಯ ಅವನಿಗೆ ಎಲ್ಲಿಂದ ಹೊಳೆಯಿತೆಂದು ನಾನು ಕೇಳಲಿಲ್ಲ.

ಮಲ್ಟಿಪ್ಲೆಕ್ಸಿನಲ್ಲಿ ಸಿಕ್ಕಿದ್ದು ಬೆಳಗಿನದೊಂದು ಷೋ. ಬಂದವರಲ್ಲಿ ಅರ್ಧ ಜನ ನೆಂಟರು, ಉಳಿದರ್ಧ ತಾವೇ ತೆರೆಯ ಮೇಲಿದ್ದವರು. ಹಿಂದಿನ ಸಾಲಿನಲ್ಲಿ ಭಾವ! ಇಂಟರ್‌ವಲ್‌ನಲ್ಲಿ ಎದ್ದು ಹೋಗಿ ಪಾಪ್‌ಕಾರ್ನ್ ತಂದು ಮಗನ ಕೈಗಿಟ್ಟು, "ಇದಕ್ಕೆ ಮುನ್ನೂರು ರೂಪಾಯಿ ಅಂತೆ, ಹಗಲು ದರೋಡೆ" ಎಂದರು. ಅಪ್ಪ ಮಗನ ಮಾತು ಮತ್ತೆ ಶುರುವಾದದ್ದು ಹಾಗೆ. ಸೋಮವಾರ ಆ ತೆರೆಗೆ ಸ್ಟಾರ್ ಸಿನಿಮಾ ಬಂತು.

ಹೊಸ ಹುಡುಗರ ಚಿತ್ರವನ್ನು ಓಟಿಟಿಗೆ ಬಂದಾಗ ನೋಡಿದರಾಯಿತು ಎನ್ನಬೇಡಿ. ಬರುವ ಖಾತ್ರಿ ಡೈರೆಕ್ಟರಿಗೇ ಇರುವುದಿಲ್ಲ. ಶುಕ್ರವಾರವೇ ಹೋಗಿ, ಟಿಕೆಟ್ ಕೊಂಡೇ ಹೋಗಿ. ಪಾಸು ಕೇಳುವ ಹಕ್ಕು ಸೋದರಮಾವಂದಿರಿಗೆ ಮಾತ್ರ.